ಕಲೊಲೈನೆ ತೆಗೆದುಹಾಕಿದ ಹೆಸರು

...ಅಲ್ಲ, ಮೊದಲು ಕೂತ್ಕೋ ಕಲೊಲೈನೆ. ಊಟ ಆಮೇಲೆ. ಕೆಸುವಿನೆಲೆಯಲ್ಲಿ ಕಟ್ಟಿದ ಕುರಿಮಾಂಸ ಇನ್ನೂ ಬೇಯ್ತಿದೆ. ನ್ಯೂಜಿಲೆಂಡಿಂದ ಆ ಆಕ್ಲೆಂಡಿನವರು ಕೆಲಸ ಕೊಟ್ರು, ಸರಿ. ಆದರೆ ಅರ್ಜಿಯಲ್ಲಿ ‘ನನ್ನ ಬಗ್ಗೆ ಇವರನ್ನು ಕೇಳಿ’ ಅನ್ನೋ ಕಡೆ ಯಾರ ಹೆಸರು ಬರೆದೆ? ಉದ್ಯೋಗ ತರಬೇತಿ ಕೊಡ್ತಾಳಲ್ಲ, ಆ ಬಿಳಿ ಹೆಂಗಸಿನದು. ಆರು ವಾರದ ಪರಿಚಯ! ಚರ್ಚಿನಲ್ಲಿ ಅವಳೇ ಹೇಳಿದ್ಳು, ಎಲ್ಲರೆದುರು.

ಯಾಕೆ ನಗ್ತೀಯ? ನಾನು ನಿನ್ನಪ್ಪನ ಅಕ್ಕ, ನಮ್ಮ ಟೊಂಗಾದಲ್ಲಿ ಅಪ್ಪನ ಅಕ್ಕನೇ ಮನೆಗೆ ದೊಡ್ಡವಳು. ಅವನು ಇವತ್ತಿಗೂ ನನ್ನೆದುರು ಕುರ್ಚಿ ಮೇಲೆ ಕೂರಲ್ಲ. ಅವನಿಗೆ ದೋಣಿ ಗೊತ್ತು, ನಿಮ್ಮಮ್ಮನಿಗೆ ಚಾಪೆ ಹೆಣೆಯೋದು ಗೊತ್ತು. ಫಿಜಿಯಲ್ಲಿ ಸುವಾದ ವಿಶ್ವವಿದ್ಯಾಲಯಕ್ಕೆ ಅರ್ಜಿ ತುಂಬಿದ್ದು ಯಾರು? ಬಯೋಡೇಟಾ ಅಂದ್ರೇನು ಅಂತ ಹೇಳಿಕೊಟ್ಟಿದ್ದು ಯಾರು? ನಿನ್ನ ಲಸಿಕೆ ಚೀಟಿಯಿಂದ ಪದವಿಪತ್ರದವರೆಗೆ ಈ ಫೈಲಲ್ಲಿದೆ... ಒಂದೂ ಮಡಿಕೆ ಬಿದ್ದಿಲ್ಲ.

ಮೊದಲ ಮೂರು ಕಡೆ ನೀನು ನನ್ನ ಹೆಸರೇ ಕೊಟ್ಟಿದ್ದೆ. ಮೂರೂ ಕಡೆಯಿಂದ ಫೋನ್ ಬಂತು. ಅರಮನೆಗೆ ಹೋಗುವಾಗ ಮರ್ಯಾದೆಗೆ ಉಡ್ತೀವಲ್ಲ, ಹಾಗೆ ಸೊಂಟಕ್ಕೆ ಚಾಪೆ ಸುತ್ತಿಕೊಂಡೇ ಮಾತಾಡಿದೆ. ದಿನ, ಗಂಟೆ ಎಲ್ಲ ಡೈರಿಯಲ್ಲಿದೆ. ನಾಲ್ಕನೇದಕ್ಕೆ ನನ್ನನ್ನೇ ಕಿತ್ತು ಹಾಕಿದೆ. ಒಂದು ಮಾತೂ ಹೇಳದೆ...

ಹೂಂ, ಆ ಮೂರೂ ಸಿಗಲಿಲ್ಲ. ಅದಕ್ಕೆ ನಾನೇನು ಮಾಡ್ಲಿ?

ಡೈರಿ ಯಾಕೆ ತೆಗೀತಿದ್ದೀಯ? ಇಡು ಅಲ್ಲೇ. ಕಲೊಲೈನೆ, ಇಡು ಅಂದೆ...

ಓದಿದ್ಯಲ್ಲ. ‘ಮಾರ್ಚ್ ಹನ್ನೆರಡು, ಬೆಳಿಗ್ಗೆ ಹತ್ತೂಕಾಲು, ವೆಲಿಂಗ್ಟನ್. ಹುಡುಗಿ ಇನ್ನೂ ತಯಾರಿಲ್ಲ ಅಂದೆ.’ ಉಳಿದ ಎರಡೂ ಹಾಗೇ. ಮತ್ತೇನನ್ನಲಿ? ನಮ್ಮ ಮಕ್ಕಳನ್ನ ನಾವೇ ಹೊಗಳೋ ಪದ್ಧತಿ ನಮ್ಮಲ್ಲಿದೆಯಾ? ಆ ಜನಕ್ಕೆ ಅದು ಅರ್ಥ ಆಗಲ್ಲ, ಅಷ್ಟೇ.

ಆ ಪುಟದ ಮೇಲೆ ಯಾಕೆ ಬೆರಳಿಟ್ಟೆ... ಹೌದು. ಇಲ್ಲಿನ ಶಾಲೆಯವರ ಹತ್ತಿರ ಹೊಗಳಿದ್ದೆ. ಇವಳಂಥ ಹುಡುಗಿ ಇಡೀ ಟೊಂಗಾದಲ್ಲಿ ಇಲ್ಲ, ಕರೆದು ಕೆಲಸ ಕೊಡಿ ಅಂತ. ನೀನು ಅಲ್ಲಿಗೆ ಅರ್ಜಿನೇ ಹಾಕಿರಲಿಲ್ಲ. ಇಲ್ಲೇ ಮೂರು ಮನೆ ಆಚೆ ಶಾಲೆ...

ಈಗ ಫೈಲ್ ಯಾಕೆ ಬಿಚ್ತಿದ್ದೀಯ? ಬೇಕಾದ್ರೆ ಬೈಯಿ.

ಪದವಿಪತ್ರ ಒಂದೇ ತಗೊಂಡ್ಯಾ? ಉಳಿದದ್ದು... ಕಲೊ, ಉಳಿದದ್ದು ಯಾರಿಗಂತ ಇಟ್ಕೊಳ್ಳಲಿ?