ಎರಡು ಕಡಿ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಹಿರಿಯರೇ, ಇಂದು ಸನ್ಮಾನ ಪಡೆದ ತಾರವ್ವನವರೇ, ಬನಹಟ್ಟಿಯ ನೇಕಾರ ಬಂಧುಗಳೇ, ಸಭಿಕರೇ,

ನೇಕಾರ ಮಹಿಳೆಯರ ಸಂಘ ಕಟ್ಟಿದ ತಾರವ್ವನವರ ಬಗ್ಗೆ ನಾನು ಮಾತಾಡುತ್ತೇನೆಂದಾಗ ಕೆಲವರು ಹುಬ್ಬೇರಿಸಿದರಂತೆ. ಅವರ ಮೇಲೆ ಖಟ್ಲೆ ನಡೆದದ್ದು ನನ್ನ ಗಾಯಕ್ಕಾಗಿಯೇ ಅಲ್ಲವೇ?

ಎಪ್ಪತ್ಮೂರರ ಮುಷ್ಕರ. ಊರೆಲ್ಲ ಮಗ್ಗ ನಿಂತಿದ್ದರೂ ಇವರ ಮಗ್ಗ ನಡೆದಿತ್ತು. ಇವರ ಯಜಮಾನರು ಊರಲ್ಲಿರಲಿಲ್ಲ. ಮುಷ್ಕರದವರು ನಾವು ಹೋದದ್ದು ಮಗ್ಗ ನಿಲ್ಲಿಸಿರೆಂದು ಮಾತಾಡಲಿಕ್ಕೆ. ಆದರೆ ಅಷ್ಟು ಜನ ಬಾಗಿಲಿಗೆ ಬಂದರೆ ಒಳಗಿದ್ದವರಿಗೆ ಹಾಗನ್ನಿಸುತ್ತದೆಯೇ? ಮುಂದಿದ್ದ ನಾನು ಬಾಗಿಲು ನೂಕಿದೆ. ತಾರವ್ವನವರು "ಕಡಿ, ಕಡಿ" ಎಂದು ಕೂಗಿದರು. ಅವರ ಆಳು ಗುರಪ್ಪ ಕೊಡಲಿ ಬೀಸಿದ. ನನ್ನ ಹೆಗಲು ಸೀಳಿತು.

"ಅಕ್ಕಾರು ಕಡಿ ಅಂದ್ರು, ಕಡದ್ನಿರಿ," ಎಂದು ಗುರಪ್ಪ ಪೊಲೀಸರಿಗೆ ಹೇಳಿದ. ಇಬ್ಬರನ್ನೂ ಹಿಡಿದರು. ತಾರವ್ವನವರ ತವರು ಸೊಲ್ಲಾಪುರ. ಮರಾಠಿಯಲ್ಲಿ ಕಡಿ ಎಂದರೆ ಚಿಲಕ, ಬಾಗಿಲ ಚಿಲಕ ಹಾಕು ಎಂದೆ ಎಂದು ಅವರು ಅತ್ತರಂತೆ. ಕನ್ನಡದ ಆಳಿಗೆ ಮರಾಠಿ ಯಾಕೆ ಎಂದು ಕೇಳಿದ್ದಕ್ಕೆ, "ಹೆದರಿದಾಗ ತವರಿನ ಮಾತ ಬರತೈತ್ರಿ," ಎಂದರಂತೆ. ಯಾರೂ ನಂಬಲಿಲ್ಲ. ನಾನೂ ನಂಬಲಿಲ್ಲ.

ಮಿರಜಿನ ಆಸ್ಪತ್ರೆಯಲ್ಲಿದ್ದಾಗ ಒಂದು ಸಂಜೆ ಗಾಳಿ ಎದ್ದಿತು. ನರ್ಸಬಾಯಿ ಆಯಾಗೆ "ಕಡಿ ಲಾವ" ಎಂದಳು. ನಾನು ಹಾಸಿಗೆಯಲ್ಲೇ ಮುದುಡಿಕೊಂಡೆ. ಆಯಾ ಸುಮ್ಮನೆ ಹೋಗಿ ಕಿಟಕಿಯ ಚಿಲಕ ಹಾಕಿದಳು. ಅದೇ ಸದ್ದು, ಅದೇ ಅಕ್ಷರ! ಆದರೆ ನಮ್ಮ ಕಡಿಗೂ ಅವರ ಕಡಿಗೂ ಹುಟ್ಟು ಬೇರೆ, ಬಳಗ ಬೇರೆ. ಗಾಯ ಹೊಲಿಯುವಾಗ ಆ ಮರಾಠಿ ಡಾಕ್ಟರರ ಮುಂದೆ ನಾನು "ಯವ್ವಾ" ಎಂದು ಕೂಗಿದ್ದೂ ಆಗ ನೆನಪಾಯಿತು.

ಮುಷ್ಕರದ ಮುಂದಾಳಾಗಿದ್ದ ನಮ್ಮಣ್ಣ ಚನಮಲ್ಲಪ್ಪನಿಗೆ ಇದನ್ನು ಹೇಳಿದೆ. ಅವನ ಮುಖ ಕಪ್ಪಿಟ್ಟಿತು. "ಆಕಿ ಕಡಿ ಅಂದದ್ದು ನೀ ಕೇಳಿಯಿಲ್ಲೋ? ಅಷ್ಟ ಹೇಳು. ಅರ್ಥ ಹೇಳಾಕ ನೀ ಯಾರು?"

ಜಮಖಂಡಿಯ ಕೋರ್ಟಿನಲ್ಲಿ ಅಣ್ಣ ನನ್ನೆದುರಿಗೇ ಕುಳಿತಿದ್ದ. "ಕಡಿ ಅಂದದ್ದು ಕೇಳೇನ್ರಿ," ಎಂದೆ. ಅಣ್ಣ ತಲೆಯಾಡಿಸಿದ. "ಅದು ಚಿಲಕದ ಕಡಿ ಅಂತ ನನಗ ಈಗ ಖರೆ ಅನಸತೈತ್ರಿ." ಅಣ್ಣ ಎದ್ದು ಹೊರಗೆ ಹೋದ.

ತಾರವ್ವನವರು ಬಿಡುಗಡೆಯಾದರು. ಗುರಪ್ಪನಿಗೆ ಶಿಕ್ಷೆಯಾಯಿತು; ಪಾಪ, ಅವನು ಕೇಳಿದ್ದೂ ಸುಳ್ಳಲ್ಲ. ನಮ್ಮಣ್ಣ ಮಾತ್ರ ಆಮೇಲೆ ಸಾಯುವತನಕ ನನ್ನೊಡನೆ ಮಾತಾಡಲಿಲ್ಲ. ಇದನ್ನಿಲ್ಲಿ ಹೇಳಬೇಕೆಂದಿರಲಿಲ್ಲ, ಕ್ಷಮಿಸಬೇಕು. ಅವನು ತೀರಿಕೊಂಡ ದಿನ ಅವನ ಮನೆಯ ಕಟ್ಟೆಯ ಮೇಲೆ ಕುಳಿತಿದ್ದೆ. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ. ತಾರವ್ವನವರು ಬಂದರು. ಜನರೆಲ್ಲ ನೋಡುತ್ತಿದ್ದರು. "ಏಳ್ರಿ ಗಿರಿಮಲ್ಲಪ್ಪ, ಅವರು ನಿಮ್ಮಣ್ಣ," ಎಂದು ನನ್ನ ಕೈಹಿಡಿದು ಒಳಗೆ ಕರೆದುಕೊಂಡು ಹೋದರು.

ಇಷ್ಟುಹೊತ್ತು ಸಹನೆಯಿಂದ ಕೇಳಿದಿರಿ, ನಿಮ್ಮ ಉಪಕಾರ ದೊಡ್ಡದು. ತಾರವ್ವನವರಿಗೂ ತಮಗೆಲ್ಲರಿಗೂ ನಮಸ್ಕಾರ.