ಬಾಡಿಗೆ ಮನೆಯ ಗಣಪತಿ

ನಾಡಿದ್ದು ಚೌತಿ. ಇಲ್ಲಿ ಕುಳಿತವರಲ್ಲಿ ಎಷ್ಟೋ ಜನ ಬಾಡಿಗೆ ಮನೆಯಲ್ಲಿ ಇರುವವರು. ಭಕ್ತಿಯ ವಿಷಯ ಮಾತಾಡುತ್ತಿದ್ದೆವಲ್ಲ, ಅದಕ್ಕೇ ನಿಮಗೊಂದು ಕಥೆ ಹೇಳುತ್ತೇನೆ, ಕೇಳಿ.

ನಮ್ಮ ಸೀಮೆಯದೇ ಒಂದು ಊರು. ಅಲ್ಲೊಬ್ಬ ಸಾಹುಕಾರ. ಅರಿವೆ ಅಂಗಡಿ ಇತ್ತು, ಹೆಸರಿತ್ತು, ಹತ್ತು ಜನರಿಗೆ ಉಣ್ಣಿಸುವ ಕೈ ಇತ್ತು. ಹಳೆಯ ಮನೆ ಕೆಡವಿ ಹೊಸದು ಕಟ್ಟಿಸುತ್ತಿದ್ದ. ಅದು ಮುಗಿಯುವ ತನಕ ಒಂದು ಸಣ್ಣ ಓಣಿಯಲ್ಲಿ ಮಹಡಿ ಮನೆ ಬಾಡಿಗೆ ಹಿಡಿದ. ಕೆಳಗೆ ಮನೆಯ ಒಡತಿ ನೀಲವ್ವ ಇದ್ದಳು. ಗಂಡ ಬಸ್ಸಿನ ಕಂಡಕ್ಟರ್. ಒಬ್ಬನೇ ಮಗ ಗುರುಪಾದ, ಮೂರು ವರ್ಷದವನು.

ಚೌತಿ ಬಂತು. ಸಾಹುಕಾರ ಸಣ್ಣದಾಗಿ ಹಬ್ಬ ಮಾಡಿದವನೇ ಅಲ್ಲ. ಆಳೆತ್ತರದ ಗಣಪತಿ, ಬ್ಯಾಂಡು, ಮೈಕ್ ಸೆಟ್ಟು, ಬುಟ್ಟಿಗಟ್ಟಲೆ ಸರಪಟಾಕಿ. ಹೆಂಡತಿ ಮೆಲ್ಲಗೆ ಕೇಳಿದಳು, "ಕೆಳಗಿನವರನ್ನ ಒಂದ್ ಮಾತು ಕೇಳೂಣೇನ್ರಿ?"

"ಯಾಕ ಕೇಳಬೇಕು? ಪುಕ್ಕಟ ಇದ್ದೀವೇನು? ಬಾಡಿಗಿ ಕೊಡ್ತೀವಿ. ನಮ್ಮ ಮನ್ಯಾಗ ನಮ್ಮ ಹಬ್ಬಾ!"

ನೋಡಿ, ಸಾಹುಕಾರನ ಮಾತಿಗೆ ನಗಬೇಡಿ. ಈ ಮಾತು ನಮ್ಮಲ್ಲಿ ಯಾರು ಆಡಿಲ್ಲ? ಬಾಡಿಗೆ ಕೊಟ್ಟರೆ ಗೋಡೆಯ ಒಳಗಿನ ಜಾಗ ನಮ್ಮದಾಗುತ್ತದೆ, ಸರಿ. ಗೋಡೆ ದಾಟಿ ಹೋಗುವ ಸದ್ದು? ಅದು ಯಾರದು?

ಗಣಪತಿ ಬಂತು. ಅಂಗಳದಲ್ಲಿ ಪಟಾಕಿ ಸಿಡಿಯಿತು, ಓಣಿಯೆಲ್ಲ ಹೊಗೆ. ಜನ ಕುಣಿದರು. ಕೆಳಗಿನ ಮನೆಯ ಬಾಗಿಲು ಮುಚ್ಚಿತ್ತು. ಯಾರೂ ಗಮನಿಸಲಿಲ್ಲ.

ಮರುದಿನ ಬೆಳಿಗ್ಗೆ ನೀಲವ್ವ ಮೆಟ್ಟಿಲು ಹತ್ತಿ ಬಂದಳು. ಜಗಳಕ್ಕೆ ಬಂದಳೆಂದು ಸಾಹುಕಾರ ಪಂಚೆ ಬಿಗಿದು ನಿಂತ. ಅವಳ ದನಿಯಲ್ಲಿ ಜಗಳ ಇರಲಿಲ್ಲ.

"ಹಬ್ಬ ಮಾಡಬ್ಯಾಡ್ರಿ ಅನ್ನಾಕ ಬಂದಿಲ್ರಿ ಸಾಹುಕಾರ್ರ. ನನ್ನ ಮಗಾ ಹುಟ್ಟು ಕಿವುಡ. ಕಿವಿ ಆಪರೇಷನ್ ಮಾಡಿಸೇವ್ರಿ. ಹ್ವಾದ ವಾರ ಕಿವಿಗೆ ಕೇಳೂ ಮಷೀನ್ ಹಾಕಿ ಚಾಲೂ ಮಾಡ್ಯಾರ. ಕೊಡದಾಗ ನೀರು ಸುರದ್ರ ಹೊಳ್ಳಿ ನೋಡಿ ನಗತಿದ್ದ. ನಿನ್ನಿ ಪಟಾಕಿಗೆ ಅಂಜಿ ಕಿತ್ತು ಒಗದಾನ್ರಿ. ಮಂಚದ ಕೆಳಗ ಹೊಕ್ಕಾನ. ಈಗ ಆ ಮಷೀನ್ ಕಂಡ್ರ ಸಾಕು, ಎರಡೂ ಕೈಲೆ ಕಿವಿ ಮುಚ್ಕೋತಾನ. ಅಂವಾ ಹಾಕ್ಕೋಳಿಲ್ಲ ಅಂದ್ರ…"

ಸಾಹುಕಾರ ಬಿಗಿದ ಪಂಚೆ ಇಳಿಬಿಟ್ಟ.

"ಯವ್ವಾ, ಮೊದ್ಲ ಒಂದ್ ಮಾತು ಹೇಳಬಾರ್ದಾಗಿತ್ತೇನು?"

"ದೇವರ ಹಬ್ಬಕ್ಕ ಹೆಂಗ ಅಡ್ಡ ಬರೂದು ಅಂತ ಸುಮ್ಮನಾದ್ನಿರಿ. ನೀವು ಕೇಳಿದ್ರ ಹೇಳ್ತಿದ್ನಿ."

ಕೇಳಿದ್ದರೆ ಹೇಳುತ್ತಿದ್ದೆ! ಸಾಹುಕಾರ ಹೆಂಡತಿಯ ಮುಖ ನೋಡಿದ. ಆಗಲೇ ಬ್ಯಾಂಡಿನವರನ್ನು ಕಳಿಸಿಕೊಟ್ಟ, ಮೈಕು ಇಳಿಸಿದ. ಮಂಗಳಾರತಿಗೆ ಚಪ್ಪಾಳೆ ಕೂಡ ಬೇಡವೆಂದ. ಸಂಜೆ ಬಂದ ಭಾವಮೈದುನ ಗಟ್ಟಿಯಾಗಿ ನಕ್ಕ.

"ಏನ್ರಿ ಮಾವಾ, ಗಣಪ್ಪನ್ನ ಕೂಡ್ರಿಸೀರೋ, ಸೂತಕ ಹಿಡದೀರೋ?"

"ಕೆಳಗ ಒಂದು ಕೂಸು ಕೇಳೂದು ಕಲಿಯಾಕ ಹತ್ತೇತಿ. ನೀ ಮೆಲ್ಲಕ ಮಾತಾಡು."

ಎರಡು ದಿನ ಆ ಮನೆಯಲ್ಲಿ ಕಾಯಿಯನ್ನೂ ಓಣಿಯ ತುದಿಗೆ ಹೋಗಿ ಒಡೆದರು. ಮನೆಯವರೆಲ್ಲ ಬರಿಗಾಲಲ್ಲಿ ಓಡಾಡಿದರು. ಕೆಳಗೆ ನೀಲವ್ವ ಮಗನನ್ನು ಮಡಿಲಲ್ಲಿಟ್ಟುಕೊಂಡು ಸವರಿದಳು, ಆಡಿಸಿದಳು, ಕಾದಳು. ಅಂತೂ ಹುಡುಗ ಮಷೀನು ಹಾಕಿಸಿಕೊಂಡ.

ಗಣಪತಿ ಕಳಿಸುವ ಸಂಜೆ ಅವಳು ಅವನನ್ನು ಎತ್ತಿಕೊಂಡು ಮೇಲೆ ಬಂದಳು. ಮನೆ ತುಂಬ ಜನ, ಆದರೆ ಉಸಿರಿನ ಸದ್ದೂ ಇಲ್ಲ. ಸಾಹುಕಾರ ಆರತಿ ಹಚ್ಚಿದ. ಅವನ ಹೆಂಡತಿ, ತೊಟ್ಟಿಲ ಕೂಸಿಗೆ ಹಾಡುವಷ್ಟು ಸಣ್ಣ ದನಿಯಲ್ಲಿ, ಆರತಿ ಹಾಡು ಎತ್ತಿದಳು.

ಹುಡುಗನ ಕಣ್ಣು ದೀಪದ ಮೇಲಿತ್ತು. ಅಷ್ಟರಲ್ಲಿ, ನೋಡಿ, ಆ ಕಣ್ಣು ದೀಪ ಬಿಟ್ಟಿತು. ಗೋಡೆ ನೋಡಿದ. ಮಾಡು ನೋಡಿದ. ಇದು ಎಲ್ಲಿಂದ ಬರುತ್ತಿದೆ? ಒಂದೊಂದೇ ಮುಖ ಹುಡುಕುತ್ತ ಬಂದು ಹಾಡುತ್ತಿದ್ದ ಸಾಹುಕಾರನ ಹೆಂಡತಿಯ ಮುಖದ ಮೇಲೆ ನಿಂತ. ಕೈ ಚಾಚಿದ. ನೀಲವ್ವ ಹತ್ತಿರ ಒಯ್ದಳು. ಪುಟ್ಟ ಬೆರಳು ಹಾಡುವ ತುಟಿ ಮುಟ್ಟಿತು, ಗಂಟಲು ಮುಟ್ಟಿತು. ಹಾಡುವವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಆದರೂ ಹಾಡು ನಿಲ್ಲಿಸಲಿಲ್ಲ. ಹುಡುಗ ಅದೇ ಬೆರಳನ್ನು ತನ್ನ ಗಂಟಲಿಗೆ ಇಟ್ಟುಕೊಂಡ. ಬಾಯಿ ತೆರೆದ.

"ಆ…" ಎಂದ.

ತನ್ನ ದನಿ ತನಗೇ ಕೇಳಿತು! ಬೆಚ್ಚಿದ. ಅಮ್ಮನ ಮುಖ ನೋಡಿದ. ಮತ್ತೆ "ಆ…" ಎಂದು ನಕ್ಕುಬಿಟ್ಟ.

ಸಾಹುಕಾರ ಆರತಿ ತಟ್ಟೆ ಹಿಡಿದೇ ನಿಂತಿದ್ದ. ಬೆಳಗಬೇಕೆನ್ನುವುದೂ ಅವನಿಗೆ ಮರೆತಿತ್ತು. ಎಷ್ಟು ವರ್ಷದ ಚೌತಿ, ಎಷ್ಟು ಬ್ಯಾಂಡು, ಎಷ್ಟು ಪಟಾಕಿ! ದೇವರು ಎದುರಿಗೇ ಇದ್ದಾನೆಂದು ಅನಿಸಿದ್ದು ಅವತ್ತೇ ಮೊದಲು.

ಈಗ ನಿಮ್ಮನ್ನು ಕೇಳುತ್ತೇನೆ. ನಿಮ್ಮ ಕೆಳಗಿನ ಮನೆಯಲ್ಲಿ ಯಾರಿದ್ದಾರೆ? ಗೋಡೆಯ ಆಚೆ ಯಾರು ಮಲಗಿದ್ದಾರೆ? ಬಾಣಂತಿಯೋ, ರಾತ್ರಿಪಾಳಿ ಮುಗಿಸಿ ಬಂದವರೋ, ಮೊನ್ನೆ ಮೊನ್ನೆ ಮನೆಯವರನ್ನು ಮಣ್ಣು ಮಾಡಿ ಬಂದವರೋ? ಗೊತ್ತಿಲ್ಲ, ಅಲ್ಲವೇ? ಗೊತ್ತಿಲ್ಲದಿದ್ದರೆ ಅದು ಹೇಗೆ ನೆರೆ? ಮನೆಯ ಮಾಲೀಕರಿಗೂ ಈ ಮಾತು. ಬಾಡಿಗೆಯವರು ಹಬ್ಬ ಕೇಳಿದರೆ ಮುಖ ಗಂಟು ಹಾಕಬೇಡಿ. ಹೊತ್ತು ಹೇಳಿ, ಜಾಗ ತೋರಿಸಿ. ನಿಮಗೇನು ಕಷ್ಟವಿದೆ ಎಂಬುದನ್ನೂ ಬಾಯಿಬಿಟ್ಟು ಹೇಳಿ. ಹಬ್ಬ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಮಾಡಿ, ಸಂತೋಷದಿಂದ ಮಾಡಿ, ಕಡುಬು ಮಾಡಿದರೆ ಒಂದು ತಟ್ಟೆ ಕೆಳಗೂ ಕಳಿಸಿ. ಆದರೆ ಇವತ್ತು ಇಲ್ಲಿಂದ ಎದ್ದು ಹೋದವರು ನೇರ ನಿಮ್ಮ ಮನೆಯೊಳಗೆ ಹೋಗಬೇಡಿ. ನೆರೆಮನೆಯ ಬಾಗಿಲು ತಟ್ಟಿ. "ನಾಡಿದ್ದು ನಮ್ಮಲ್ಲಿ ಗಣಪತಿ. ನಿಮಗೇನಾದರೂ ತೊಂದರೆ ಆಗುತ್ತದೆಯೇ?" ಎಂದು ಕೇಳಿ. ಅವರು "ಏನಿಲ್ಲ ಬಿಡಿ" ಎನ್ನುತ್ತಾರೆ, ಸಂಕೋಚಕ್ಕೆ. ಆಗ ತಿರುಗಿ ಹೊರಡಬೇಡಿ. ಇನ್ನೊಂದು ಸಲ ಕೇಳಿ.