ಕರೆದರೆ ತಿರುಗದ ಹುಡುಗ

ಹಲೋ... ಹಾಂ, ಯಾರ್ರಿ ಮಾತಾಡೂದು?... ಯಾವ ಸಂಜಯ?... ಓ, ಖಾನಾಪುರದವ್ರು! ನಿನ್ನೆ ಮಗನ್ನ ಕರ್ಕೊಂಡ ಬಂದಿದ್ರಿ, ಅಲ್ಲೇನ್ರಿ? ಹೇಳ್ರಿ, ನಾನ ತ್ರಿವೇಣಿ. ಶಿವಬಸವ ನಗರದಾಗ ನಿಮ್ಮ ಹುಡುಗನ ಬೆಳವಣಗಿ ತಪಾಸ ಮಾಡಿದಾಕಿ.

...

ಏನಾತ್ರಿ?... ನಿಮ್ಮ ಹೆಂಡ್ತಿ ರೂಪಾಲಿ ಅಳಾಕತ್ತಾಳ? ನಿನ್ನೆಯಿಂದ ಊಟಾನೂ ಮಾಡಿಲ್ಲ? ಅಯ್ಯ... ನಾ ಅಷ್ಟ ಹೆದರಿಸಿದ್ನೇನು? ಹೆಸರ ಹಿಡದ ಕರದರ ಹುಡುಗ ಹೊಳ್ಳಿ ನೋಡಂಗಿಲ್ಲ, ಎರಡೂವರಿ ವರ್ಷಕ್ಕ ಇದು ಚಿಂತಿ ಮಾಡೂ ಲಕ್ಷಣ ಅಂದೆ. ಹಾಂ... ಅಂದದ್ದು ಖರೇ.

...

ಏನು? ಮನ್ಯಾಗ ಜಗಳಾನೂ ಆಗೈತಿ? ನನ್ನ ಸಲುವಾಗಿ?... ತಡೀರಿ, ಸಾವಕಾಶ ಹೇಳ್ರಿ. ರೂಪಾಲಿ ಮನಿಗೆ ಬಂದು, ಹುಡುಗನ ಹಿಂದ ನಿಂತು, "ಸೋಮಲಿಂಗ, ಸೋಮಲಿಂಗ" ಅಂತ ಕರದಾಳ. ಹಾಂ, ನಾ ಕರದ ಹಂಗನ. ಹುಡುಗ ತಿರಗಿಲ್ಲ. ಆತು. ಅದಕ್ಕ ನಿಮ್ಮವ್ವ ಯಾಕ ಸಿಟ್ಟಾದ್ರು?

...

ಸೊಸಿ ಮಾವನ ಹೆಸರ ತಗೊಂಡ್ಳು ಅಂತ?... ಸೋಮಲಿಂಗ ಅಂದ್ರ ನಿಮ್ಮಪ್ಪನ ಹೆಸರೇನು? ತೀರಿಕೊಂಡವ್ರ ಹೆಸರ ಮೊಮ್ಮಗಗ ಇಟ್ಟೀರಿ... ನಿಮ್ಮವ್ವ ಗಂಡನ ಹೆಸರ ಹೇಳಂಗಿಲ್ಲ, ರೂಪಾಲಿ ಮಾವನ ಹೆಸರ ಹೇಳಂಗಿಲ್ಲ, ನೀವು ಅಪ್ಪನ ಹೆಸರ ಹಿಡದ ಕರಿಯಂಗಿಲ್ಲ... ಸಂಜಯ ಅವ್ರ, ಹಂಗಾರ ಮನ್ಯಾಗ ಆ ಹುಡುಗಗ ಏನಂತ ಕರೀತೀರಿ?

...

ಅಜ್ಜಾ?... ಎಲ್ಲಾರೂ?

...

ಅಯ್ಯೋ ದೇವ್ರ. ಅಂದ್ರ ನಾ ನಿನ್ನೆ ಗಂಟಲ ಹರಕೊಂಡು ಕರದದ್ದು ತೀರಿ ಹೋದ ನಿಮ್ಮಪ್ಪನ್ನ! ಪುಣ್ಯಾ, ಅವ್ರು ಓ ಅನ್ಲಿಲ್ಲ... ನಗ್ರಿ, ನಗ್ರಿ, ನಗೂ ಹಂಗ ಐತಿ. ನಾ ಏನ ವಿಲಾಯತಿಯಿಂದ ಬಂದಾಕಿ? ರವಿವಾರ ಪೇಟ್ಯಾಗ ಹುಟ್ಟಿ ಬೆಳದಾಕಿ. ಯಾರರ ಬಂದು ನಮ್ಮಪ್ಪನ ಹೆಸರ ಕೇಳಿದ್ರ ನಮ್ಮವ್ವ ಇವತ್ತಿಗೂ ನನ್ನ ಮಾರಿ ನೋಡ್ತಾಳ, ನೀ ಹೇಳು ಅಂತ. ಗ್ವಾಡಿ ತುಂಬ ಸರ್ಟಿಫಿಕೇಟ ತೂಗ ಹಾಕ್ಕೊಂಡೀನಿ, ಮನ್ಯಾಗ ಏನಂತ ಕರೀತೀರಿ ಅಂತ ಒಂದ ಮಾತ ಕೇಳಾಕ ಬುದ್ಧಿ ಬರ್ಲಿಲ್ಲ.

...

ಈಗ ಹುಡುಗ ಎಲ್ಲದಾನ?... ಅಂಗಳದಾಗ, ಬೆನ್ನ ಮಾಡಿ ಕುಂತಾನ? ಛಲೋ ಆತು. ನೀವ ಸುಮ್ನಿರ್ರಿ, ರೂಪಾಲಿಗೆ ದಿನಾ ಕರಿಯೂ ಹಂಗ ಕರಿಯಾಕ ಹೇಳ್ರಿ.

...

ತಿರಗಿದ್ನಾ?... ಏನು, ಎದ್ದ ಓಡಿ ಬಂದ? ಅಬ್ಬಾ! ನಾ ಇಲ್ಲೆ ಕುರ್ಚಿ ಹಿಡಕೊಂಡ ನಿಂತಿದ್ನಿ ನೋಡ್ರಿ.

...

ಅಲ್ರಿ, ಇನ್ನ ಬರೂದ ಬ್ಯಾಡ ಅಂದ್ರ ಹೆಂಗ? ಹೆಸರಿನ ಮಾತ ನಂದ ತಪ್ಪು, ಹಿಂದ ತಗೊಂಡೆ. ಆದ್ರ ಹುಡುಗಗ ಇನ್ನೂ ಒಂದ ಮಾತ ಬರವಲ್ದು, ಅದ ಸುಳ್ಳಲ್ಲ. ಸೋಮವಾರ ಬಂದು ಕಿವಿ ತಪಾಸ ಮಾಡಸ್ಬೇಕ್ರಿ. ಒದರಿ ಕರದದ್ದ ಕೇಳಿತು ಅಂದ್ರ ಎಲ್ಲಾ ಮಾತೂ ಕೇಳ್ತಾವ ಅಂತಲ್ಲ... ನಾ ಇನ್ನೊಮ್ಮಿ ತಪ್ಪತೀನಿ ಅಂತೀರಿ? ತಪ್ಪಬಹುದ್ರಿ. ನಿಮ್ಮವ್ವನ್ನೂ ಕರ್ಕೊಂಡ ಬರ್ರಿ. ಬಾಜೂಕ ಕುಂದ್ರಸ್ಕೋತೀನಿ, ತಪ್ಪಿದ್ರ ಅಲ್ಲೇ ತಿವೀಲಿ.

...

ಫೋನ ಒಂಚೂರ ರೂಪಾಲಿಗೆ ಕೊಡ್ರಿ... ರೂಪಾಲಿ? ಅಳಬ್ಯಾಡವ್ವಾ. ಹೆಸರಿನ ಪರೀಕ್ಷಾದಾಗ ನಿನ್ನ ಮಗಾ ಪಾಸ್, ನಪಾಸಾದಾಕಿ ನಾನು... ಹಾಂ? ಜೋರ ಹೇಳು, ಲೈನ ಕಡದ ಕಡದ ಬರಾಕತ್ತೈತಿ.

...

"ಅವ್ವಾ" ಅಂತ ಯಾವಾಗ ಕರೀತಾನ ಅಂತ ಕೇಳಿದಿ?...

...

ಅದು ನನಗ ಗೊತ್ತಿಲ್ಲ ತಂಗಿ. ನಿನ್ನೆ ಕೇಳಿದ್ರ ತಾರೀಖ ಸಮೇತ ಹೇಳ್ತಿದ್ನಿ ಏನೋ, ಅಷ್ಟ ಶ್ಯಾಣ್ಯಾಕಿ ಇದ್ದೆ. ಇವತ್ತ ಗೊತ್ತಿಲ್ಲ. ಅವಗ ನಿನ್ನ ಮಾತು ಪೂರ್ತಿ ಕೇಳ್ತಾವೋ ಇಲ್ಲೋ, ಮೊದಲ ಅದನ್ನ ನೋಡೂಣು. ಸೋಮವಾರ ಬರ್ತಿಯಲ್ಲ?... ರೂಪಾಲಿ?... ಬರ್ತೀನಿ ಅಂದ್ಯಾ, ಏನ... ಹಲೋ? ಹಲೋ...